ಮಗ್ಗದ ಸದ್ದಿನಲ್ಲಿ ಆಡಿದ ಮಾತು

ಅವಳ ಕಿವಿ ಕೆಟ್ಟಿದೆಯೆಂದು ಗಿರಣಿಯವರಿಗೆ ತಿಳಿದದ್ದು ತಪಾಸಣೆಗೆ ಡಾಕ್ಟರು ಬಂದ ಮೇಲೆ. ಅಲ್ಲಿಯವರೆಗೆ ಅದು ಮನೆಯವರ ಕಿರಿಕಿರಿ ಮಾತ್ರ ಆಗಿತ್ತು. ಗಿರಣಿಯಲ್ಲಿ ಯಾರಿಗಾದರೂ ತಿಳಿಯುವುದಾದರೂ ಹೇಗೆ? ನೂರಿಪ್ಪತ್ತು ಮಗ್ಗಗಳು ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಯಾರ ಕಿವಿಗೂ ಯಾರ ಮಾತೂ ಬೀಳುವುದಿಲ್ಲ. ಅಲ್ಲಿ ಹೆಂಗಸರು ತುಟಿಯಲ್ಲೇ ಮಾತಾಡುತ್ತಾರೆ. ದನಿಯಿಲ್ಲದೆ, ಒಂದೊಂದು ಪದವನ್ನೂ ತುಟಿಯ ಮೇಲೆ ಬಿಡಿಸಿಟ್ಟು, ಅದು ಸಾಲದಿದ್ದರೆ ಬೆರಳು, ಹುಬ್ಬು, ಭುಜ ಎಲ್ಲವನ್ನೂ ದುಡಿಸಿಕೊಂಡು. ಆ ಮಾತು ಬಲ್ಲವರು ಎಂಟು ಮಗ್ಗದಾಚೆ ನಿಂತವಳ ಮನೆಯಲ್ಲಿ ಬೆಳಗ್ಗೆ ಏನು ರಂಪವಾಯಿತೆಂದು ನಿಂತಲ್ಲೇ ತಿಳಿದುಕೊಳ್ಳಬಲ್ಲರು.

ಇವಳು ಹದಿನೇಳನೇ ಮಗ್ಗದವಳು. ಇಪ್ಪತ್ತಾರು ವರ್ಷ ಅದೊಂದೇ ಮಗ್ಗ. ಬೆರಳಲ್ಲಿ ತೋರಿಸಲು ಸುಲಭವೆಂದು ಶೆಡ್ಡಿನಲ್ಲಿ ಎಲ್ಲರಿಗೂ ಮಗ್ಗದ ಅಂಕಿಯೇ ಹೆಸರು. ನಾಲ್ಕು ಹೆಜ್ಜೆ ಅಗಲದ ಓಣಿಯಾಚೆ, ಇವಳಿಗೆ ಎದುರಾಗಿ, ಹದಿನೆಂಟು ನಿಲ್ಲುತ್ತಿದ್ದಳು. ವಯಸ್ಸಿನಲ್ಲಿ ಐದು ವರ್ಷ ಚಿಕ್ಕವಳು, ಬಾಯಲ್ಲಿ ಮಾತ್ರ ಹತ್ತು ವರ್ಷ ದೊಡ್ಡವಳು. ಗಾಜಿನ ಕೋಣೆಯಲ್ಲಿ ಕಾಗದದ ಮೇಲೆ ಕೈಯೂರಿ ಕೂತೇ ಇರುತ್ತಿದ್ದ ಮೇಲ್ವಿಚಾರಕನಿಗೆ ‘ಪೇಪರ್‌ವೇಟು’ ಎಂದು ಹೆಸರಿಟ್ಟವಳು ಅವಳೇ. ಅವನು ಎದುರಿಗೇ ಬಂದು ನಿಂತರೂ ಭಕ್ತಿಯ ಮುಖ ಮಾಡಿಕೊಂಡು ಅವನ ಕೂದಲ ಹೊಸ ಬಣ್ಣದ ಮೇಲೆ ತುಟಿಯಲ್ಲೇ ಟೀಕೆ ಮಾಡುತ್ತಿದ್ದಳು. ಇವಳು ನಗು ತಡೆಯಲಾರದೆ ಹರಿದ ಎಳೆ ಹುಡುಕುವ ನೆಪದಲ್ಲಿ ಮಗ್ಗದ ಮೇಲೆ ಬಾಗುತ್ತಿದ್ದಳು.

ನಗುವೊಂದೇ ಅಲ್ಲ. ತನ್ನ ಗಂಡ ಸತ್ತ ಹತ್ತನೇ ದಿನ ಕೆಲಸಕ್ಕೆ ಬಂದ ಇವಳು, ಮನೆಯಲ್ಲಿ ಯಾರ ಮುಂದೆಯೂ ಹೇಳದ್ದನ್ನು ಆ ಓಣಿಯಾಚೆಗೆ ಹೇಳಿದ್ದಳು. ಹದಿನೆಂಟು ಲಾಳಿಯ ಮೇಲೆ ಒಂದು ಕಣ್ಣು, ಇವಳ ತುಟಿಯ ಮೇಲೆ ಒಂದು ಕಣ್ಣಿಟ್ಟು ಪಾಳಿ ಮುಗಿಯುವವರೆಗೂ ಕೇಳಿಸಿಕೊಂಡಿದ್ದಳು. ಹೊರಗೆ ಇಬ್ಬರದೂ ಬೇರೆ ಬೇರೆ ದಿಕ್ಕು. ಹದಿನೆಂಟಿನ ಮನೆ ಊರಿನ ಇನ್ನೊಂದು ತುದಿ, ಅಲ್ಲಿ ಹಾಸಿಗೆ ಹಿಡಿದ ಗಂಡ. ಪಾಳಿ ಬಿಟ್ಟರೆ ಅವಳು ಬಸ್ಸಿಗೆ ಓಡಬೇಕು. ಒಬ್ಬರ ಮನೆಗೊಬ್ಬರು ಹೋದದ್ದು ಲೆಕ್ಕ ಹಾಕಿದರೆ ಎರಡೇ ಸಲ.

ಇನ್ನು ಇವಳ ಮನೆ. ಕೆಟ್ಟವರು ಯಾರೂ ಇಲ್ಲ. ಆದರೆ ಒಬ್ಬರು ನಲ್ಲಿಯ ಕಡೆ ತಿರುಗಿ ಮಾತಾಡುತ್ತಾರೆ, ಇನ್ನೊಬ್ಬರು ತುತ್ತು ಬಾಯಲ್ಲಿಟ್ಟುಕೊಂಡು. ಮೊಮ್ಮಗಳಂತೂ ಫೋನು ನೋಡುತ್ತಲೇ ಗೊಣಗುತ್ತಾಳೆ. ಅವರ ತುಟಿಯಲ್ಲಿ ಮಾತೆಲ್ಲ ಕಲಸಿಹೋಗಿರುತ್ತದೆ. ಸೊಸೆ ಪಾಪ ಎರಡು ದಿನ ಇವಳ ಕಡೆಗೇ ಮುಖ ಮಾಡಿ, ಬಿಡಿಸಿ ಬಿಡಿಸಿ ಹೇಳಿದಳು. ಮೂರನೇ ದಿನ ಒಲೆ, ಸ್ಕೂಲು, ಆಫೀಸು ನಡುವೆ ಮರೆತಳು. ಮನೆಯಲ್ಲಿ ಇವಳು ಕಿವುಡಿ, ಶೆಡ್ಡಿನೊಳಗೆ ಕಾಲಿಟ್ಟರೆ ಎಲ್ಲರಂತೆ ಒಬ್ಬಳು.

ಅಂಥ ಜಾಗದಿಂದ ಇವಳನ್ನು ಬಿಡಿಸಿದ್ದು ಯಾರೋ ಹಗೆಯಲ್ಲ, ಇವಳ ಒಳ್ಳೆಯದನ್ನೇ ಬಯಸಿದ ಡಾಕ್ಟರು. ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದರು. ಉಳಿದಿರುವುದು ಕಾಲುಭಾಗ, ಇನ್ನು ಈ ಸದ್ದಿನಲ್ಲಿದ್ದರೆ ಅದೂ ಹೋಗುತ್ತದೆ, ನಿಯಮದ ಪ್ರಕಾರ ಇಲ್ಲಿ ಇರುವಂತಿಲ್ಲ.

“ಹೋದ್ರೆ ಹೋಗ್ಲಿ ಬಿಡಿ ಡಾಕ್ಟ್ರೇ,” ಎಂದಳು. “ಆ ಕಾಲುಭಾಗದಲ್ಲಿ ನನಗೆ ಕೇಳೋದು ಬಾಗಿಲು ಬಡಿಯೋದು, ಪಾತ್ರೆ ಬೀಳೋದು ಅಷ್ಟೆ. ಅದನ್ನ ಇಟ್ಕೊಂಡು ಏನು ಮಾಡ್ಲಿ?”

ಡಾಕ್ಟರು ನಕ್ಕು ಭುಜ ತಟ್ಟಿದರು. ಮಗ, ಸೊಸೆ ಕೂಡ ಅದನ್ನೇ ಮಾಡಿದರು. ಇಷ್ಟು ವರ್ಷ ದುಡಿದದ್ದು ಸಾಕು, ಆರಾಮಾಗಿ ಕೂತಿರು ಎಂದರು. ಎಲ್ಲರೂ ಸೇರಿ ಕಿವಿ ಉಳಿಸಲು ಹೊರಟರು. ಅವಳ ಬಾಯಿ ಹೋಗುತ್ತದೆಂದು ಒಬ್ಬರಿಗೂ ಹೊಳೆಯಲಿಲ್ಲ. ಕೇಳಬೇಕಾದದ್ದನ್ನು ಕೇಳದವರೇ ಕಿವುಡರು ಎಂದಾದರೆ, ಆ ವಾರ ಅವಳ ಸುತ್ತ ಕಿವುಡರೇ ತುಂಬಿದ್ದರು.

ಹದಿನೆಂಟಿಗೆ ಸುದ್ದಿ ಹೇಳಿದಾಗ ಅವಳು ಮಗ್ಗ ನಿಲ್ಲಿಸಿಬಿಟ್ಟಳು. ಪೇಪರ್‌ವೇಟು ಗಾಜಿನಾಚೆಯಿಂದ ಎದ್ದು ನಿಂತ. ಅವಳು ಅತ್ತ ನೋಡಲೂ ಇಲ್ಲ.

“ನಾನು ಯಾರ ಹತ್ರ ಮಾತಾಡ್ಲಿ ಅಕ್ಕ?” ಎಂದು ತುಟಿಯಲ್ಲಿ ಕೇಳಿದಳು.

ಇವಳು ಕೇಳಬೇಕೆಂದಿದ್ದ ಪ್ರಶ್ನೆಯೂ ಅದೇ.

ಕೊನೆಯ ದಿನ ಊಟದ ಬಿಡುವಿನಲ್ಲಿ ಮಗ್ಗಗಳು ನಿಂತಾಗ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ ಮಾಡಿದರು. ಆಫೀಸಿನ ದೊಡ್ಡವರು ಚೀಟಿ ನೋಡಿಕೊಂಡು ಭಾಷಣ ಮಾಡಿದರು. ಚೀಟಿ ಮುಖಕ್ಕೆ ಅಡ್ಡವಾಗಿತ್ತು. ಅವರ ಬೆನ್ನ ಹಿಂದೆ ನಿಂತ ಹದಿನೆಂಟು ಒಂದೊಂದನ್ನೂ ತುಟಿಗೆ ಇಳಿಸಿ ಕೊಟ್ಟಳು.

“ನೀನು ಸಂಸ್ಥೆಯ ಆಸ್ತಿಯಂತೆ. ಆಸ್ತಿ ಹೆಸರು ಮರ್ತೋಗಿದೆ, ಚೀಟಿ ತಿರುಗಿಸ್ತಿದಾರೆ. ಈಗ ಸಿಕ್ತು. ಚಪ್ಪಾಳೆ ಹೊಡಿ.”

ಇವಳು ತನ್ನ ಹೊಗಳಿಕೆಗೆ ತಾನೇ ಚಪ್ಪಾಳೆ ಹೊಡೆದಳು. ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಉಡುಗೊರೆಯಾಗಿ ಗಂಟೆಗೊಮ್ಮೆ ಹಾಡುವ ಗಡಿಯಾರ ಕೊಟ್ಟರು.

“ಕೋಣನ ಮುಂದೆ ಕಿನ್ನರಿ ಬಾರಿಸೋದು ಕೇಳಿದ್ದೆ, ಇವತ್ತು ಕಣ್ಣಾರೆ ಕಂಡೆ,” ಎಂದಳು ಹದಿನೆಂಟು. “ಬೇಜಾರು ಮಾಡ್ಕೋಬೇಡ, ಕೋಣ ನೀನೇ.”

ಅದೇ ಇಬ್ಬರ ಕೊನೆಯ ನಗು. ಆಮೇಲೆ ಇವಳು ಒಬ್ಬೊಬ್ಬರ ಎದುರಿಗೂ ನಿಂತು ‘ಬರ್ತೀನಿ’ ಎಂದು ತುಟಿಯಲ್ಲಿ ಹೇಳಿದಳು. ಮಗ್ಗಗಳಿಗೆ ಎಣ್ಣೆ ಹಾಕುವ ಮುದುಕ ಮಾತ್ರ ಕೈ ಒರೆಸುವ ಬಟ್ಟೆಯಿಂದ ಕಣ್ಣೊರೆಸಿಕೊಂಡು ಕೆನ್ನೆಗೆಲ್ಲ ಮಸಿ ಮಾಡಿಕೊಂಡ.

ಗೇಟಿನ ಬಳಿ ಮಗ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹದಿನೆಂಟು ಅಲ್ಲಿಯವರೆಗೂ ಬಂದಳು. ಬಂದವಳು ಇಪ್ಪತ್ತಾರು ವರ್ಷ ಮಾಡದ್ದನ್ನು ಮಾಡಿದಳು, ಎರಡೂ ಕೈಯಲ್ಲಿ ಇವಳನ್ನು ಬಾಚಿ ತಬ್ಬಿಕೊಂಡಳು. ಅವರ ಮಾತಿಗೆ ನಡುವೆ ಒಂದಿಷ್ಟು ದೂರ ಬೇಕಿತ್ತು, ಮುಖ ಕಾಣಬೇಕಿತ್ತು. ಆದ್ದರಿಂದ ಅಪ್ಪಿಕೊಳ್ಳುವುದು ಅವರಿಗೆ ಅಭ್ಯಾಸವೇ ಇರಲಿಲ್ಲ. ಈಗ ಹದಿನೆಂಟು ಹೆಗಲಿಗೆ ಮುಖ ಒತ್ತಿಕೊಂಡು, ಅಳುತ್ತ, ದನಿ ತೆಗೆದು ಮಾತಾಡತೊಡಗಿದಳು. ಗದ್ದ ಹೆಗಲ ಮೇಲೆ ಅಲುಗಾಡುವುದು ಇವಳಿಗೆ ತಿಳಿಯುತ್ತಿತ್ತು. ಬಿಸಿಯುಸಿರು ಕತ್ತಿಗೆ ತಾಗುತ್ತಿತ್ತು. ಒಂದೆರಡು ಮಾತಲ್ಲ, ನಿಲ್ಲಿಸಿ ನಿಲ್ಲಿಸಿ ಬಹಳ ಹೊತ್ತು ಹೇಳಿದಳು. ಒಂದು ಅಕ್ಷರವೂ ಇವಳಿಗೆ ದಕ್ಕಲಿಲ್ಲ.

ಬಿಡಿಸಿಕೊಂಡು ಮುಖ ನೋಡಿದ್ದರೆ ಮಾತು ಸಿಗುತ್ತಿತ್ತು. ಬಿಡಿಸಿಕೊಳ್ಳಲು ಕೈಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಶೆಡ್ಡಿನ ಬಾಗಿಲಿಗೆ ಪೇಪರ್‌ವೇಟು ಬಂದು ಕೈಬೀಸಿ ಕರೆದ. ಹದಿನೆಂಟು ಬಾಯಿಗೆ ಕೈ ಮುಚ್ಚಿಕೊಂಡು, ತಿರುಗಿಯೂ ನೋಡದೆ ಓಡಿದಳು.

ಪಕ್ಕದಲ್ಲೇ ನಿಂತಿದ್ದ ಮಗನ ಕಣ್ಣು ಕೆಂಪಾಗಿತ್ತು. ಅವನು ಎಲ್ಲ ಕೇಳಿಸಿಕೊಂಡಿದ್ದ. ಅದನ್ನು ಕಂಡು ಇವಳಿಗೆ ಹೋದ ಜೀವ ಬಂದಂತಾಯಿತು.

ಸ್ಕೂಟರ್ ಹೊರಟ ಮೇಲೆ ಕೇಳಿದಳು. “ಏನಂದ್ಲೋ ಅವಳು?”

ಅವನು ಹೇಳತೊಡಗಿದ. ಹೆಲ್ಮೆಟ್ಟಿನ ಹಿಂಭಾಗ ಅಲ್ಲಾಡುವುದು, ಬೆನ್ನು ಏರಿಳಿಯುವುದು ಅವಳಿಗೆ ಕಂಡಿತು. ಬಾಗಿ ಕಿವಿಯನ್ನು ಅವನ ಬೆನ್ನಿಗೆ ಒತ್ತಿದಳು. ಗುಂಯ್ ಎನ್ನುವ ಸದ್ದೊಂದೇ. ಎರಡು ವೃತ್ತ, ಒಂದು ಸೇತುವೆ ದಾಟುವವರೆಗೆ ಅವನು ಹೇಳುತ್ತಲೇ ಇದ್ದ, ನಡುವೆ ಒಮ್ಮೆ ಕೈಯೆತ್ತಿ ಕಣ್ಣೊರೆಸಿಕೊಂಡ. ಗಾಡಿ ನಿಲ್ಲಿಸು ಎನ್ನಬೇಕೆಂದುಕೊಂಡಳು. ಹಿಂದೆ ಲಾರಿ, ಮುಂದೆ ಬಸ್ಸು. ಮನೆಗೆ ಹೋಗಿ ಕೇಳಿದರಾಯಿತೆಂದು ಸುಮ್ಮನೆ “ಹೂಂ” ಅನ್ನುತ್ತ ಬಂದಳು.

ಮನೆ ಮುಂದೆ ಇಳಿದವಳೇ ಅವನ ಎದುರಿಗೆ ನಿಂತು, ತುಟಿಯ ಮೇಲೆ ಕಣ್ಣು ನೆಟ್ಟಳು. “ಈಗ ಹೇಳು. ಅವಳು ಏನಂದ್ಲು?”

“ಅಯ್ಯೋ, ದಾರಿಯುದ್ದಕ್ಕೂ ಹೇಳಿದ್ನಲ್ಲಮ್ಮ.” ಅವನು ಹೆಲ್ಮೆಟ್ ತೆಗೆದು, ಗಡಿಯಾರದ ಡಬ್ಬ ಕೈಗೆತ್ತಿಕೊಂಡ. “ಚೆನ್ನಾಗಿರಕ್ಕ ಅಂದ್ರು.”

“ಅಷ್ಟೇನಾ?”

ಅಷ್ಟೇ ಎಂದು ತಲೆಯಾಡಿಸಿ ಒಳಗೆ ಹೋದ.

ಅಷ್ಟೇ ಅಲ್ಲವೆಂದು ಅವಳಿಗೆ ಗೊತ್ತಿತ್ತು, ಹೆಗಲು ಇನ್ನೂ ಒದ್ದೆಯಾಗಿತ್ತು. ಇನ್ನು ಮುಂದೆ ತನ್ನ ಪಾಲಿಗೆ ಬರುವ ಮಾತೆಲ್ಲ ಇದೇ ಅಳತೆಯಲ್ಲಿ ಬರುತ್ತದೆಂದು ಅಲ್ಲಿ ನಿಂತೇ ಅರ್ಥವಾಯಿತು. ಮೆಟ್ಟಿಲ ಮೇಲೆ ಕುಸಿದು ಕೂತು ದನಿ ತೆಗೆದು ಅತ್ತಳು. ಸೊಸೆ ಅಡುಗೆಮನೆಯಿಂದ ಓಡಿ ಬಂದು ಏನೋ ಕೇಳಿದಳು.