ದೇಶ ಸುತ್ತಲು ಕಟ್ಟಿಸಿದ ಚಕ್ಕಡಿ

ನಮ್ಮ ಯಜಮಾನರು ನಿವೃತ್ತರಾದ ದಿನ ಕಚೇರಿಯವರು ಹಾರ ಹಾಕಿ, ಒಂದು ಕೈಕೋಲು ಕೊಟ್ಟು ಕಳಿಸಿದರು. ಮನೆಗೆ ಬಂದವರೇ ಕೋಲನ್ನು ಬಾಗಿಲ ಹಿಂದೆ ಇಟ್ಟು, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, “ಸಾಕಾತು. ಇನ್ನ ಎಲ್ಲೂ ಹೋಗೂದಿಲ್ಲ,” ಎಂದರು.

ನಾನು ಅಡಿಗೆಮನೆಯಿಂದಲೇ, “ನಿಮ್ಮದು ಮುಗೀತು. ಇನ್ನ ಮ್ಯಾಲೆ ಹೋಗಾಕಿ ನಾನು,” ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಅವರದು ಹೊಲ ಅಳೆಯುವ ಮೋಜಣಿ ಖಾತೆಯ ಕೆಲಸ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಉಳಿದ ದಿನವೆಲ್ಲ ಅಳತೆಯ ಸರಪಳಿ, ಡೇರೆ ಹೊತ್ತುಕೊಂಡು ತಿರುಗಾಟ. ಮೂವತ್ತು ವರ್ಷ ಅವರು ತಿರುಗಿದರು. ಮೂವತ್ತು ವರ್ಷ ನಾನು ಬೆಟಗೇರಿಯ ನೇಕಾರ ಓಣಿಯ ಬಾಡಿಗೆ ಮನೆಯಲ್ಲಿ ಮಗ್ಗದ ಸದ್ದು ಕೇಳುತ್ತ ಕುಳಿತೆ. ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿ ಮದುವೆ ಮಾಡಿಕೊಟ್ಟದ್ದೂ ಆಯಿತು. ಅವರಿಗೆ ಸರ್ಕಾರ ನಿವೃತ್ತಿ ಕೊಟ್ಟಿತು, ನನಗೆ ಯಾರು ಕೊಡಬೇಕು? ನಾನೇ ತೆಗೆದುಕೊಂಡೆ.

ನನ್ನ ತಲೆ ಕೆಡಿಸಿದವರೂ ಅವರೇ ಅನ್ನಿ. ತಿರುಗಾಟದಿಂದ ಬಂದು ಕಾಲು ತೊಳೆಯುವುದರೊಳಗೆ ನಾನು ಶುರು ಮಾಡುತ್ತಿದ್ದೆ, ಈ ಸಲ ಎಲ್ಲಿಯವರೆಗೆ ಹೋಗಿದ್ದಿರಿ, ಅಲ್ಲಿನ ಜನ ಏನು ಉಡುತ್ತಾರೆ, ಏನು ತಿನ್ನುತ್ತಾರೆ ಎಂದು. ಅವರು ಬೇಸರವಿಲ್ಲದೆ ಹೇಳುತ್ತಿದ್ದರು. ಕಚೇರಿಯವರು ತರಬೇತಿಗೆ ಕಳಿಸಿದಾಗ ನೋಡಿದ ಮುಂಬೈ, ಅಲ್ಲಿನ ಟ್ರಾಮು, ಕಾರವಾರದಲ್ಲಿ ಸಮುದ್ರದ ದಂಡೆಗೆ ಇದ್ದ ನಾಲ್ಕು ದಿನ. ಸಮುದ್ರ ಹೇಗಿರುತ್ತದೆ ಎಂದರೆ, “ಡಂಬಳದ ಕೆರಿ ನೋಡೀ ಅಲ್ಲ? ಅದರ ಆಚಿ ದಂಡಿ ತಗದುಬಿಡು. ಅಷ್ಟ,” ಎಂದಿದ್ದರು. ಒಂದೇ ಬಂಡೆಯ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲನ್ನು ನೀರಲ್ಲಿ ಬಿಟ್ಟುಕೊಂಡು ಕುಳಿತಿದ್ದರಂತೆ. ಮಧ್ಯಾಹ್ನ ನೂಲಿನ ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಮುಂದೆ ನಾನು ಅದನ್ನೆಲ್ಲ ಹೇಳುತ್ತಿದ್ದೆ. ಸಮುದ್ರದ ವಿಷಯ ಬಂದರೆ ಓಣಿಯಲ್ಲಿ ನನ್ನ ಮಾತೇ ಕೊನೆಯ ಮಾತು.

ಕಾಲವೂ ಹಾಗಿತ್ತು. ನಾನು ಮದುವೆಯಾಗಿ ಬಂದಾಗ ಗದಗ ಇಂಗ್ಲಿಷರದು. ಲಕ್ಷ್ಮೇಶ್ವರಕ್ಕೆ ಹೋದರೆ ಒಬ್ಬ ರಾಜರ ಸೀಮೆ, ಶಿರಹಟ್ಟಿಗೆ ಹೋದರೆ ಇನ್ನೊಬ್ಬರದು. ಮುಂಡರಗಿಯ ಮೂಡಲಿಗೆ ನಿಜಾಮ, ತೆಂಕಲಿಗೆ ಹೊಳೆ ದಾಟಿದರೆ ಮದ್ರಾಸು. ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಒಂದೊಂದಾಗಿ ಕರಗಿದವು, ಲಕ್ಷ್ಮೇಶ್ವರ, ಶಿರಹಟ್ಟಿಗಳೂ ನಮ್ಮವರ ಸರಪಳಿಗೆ ಬಂದವು. ಅವರು ಮನೆ ಸೇರುವ ಹೊತ್ತಿಗೆ ಏಕೀಕರಣವೂ ಆಗಿ ಎಲ್ಲ ಒಂದೇ ರಾಜ್ಯ ಎಂದಾಯಿತು. ಇಷ್ಟೊಂದು ಬಾಗಿಲು ತೆರೆದಿರುವಾಗ ಒಲೆಯ ಮುಂದೆ ಕೂರುವುದು ನನಗೆ ಒಪ್ಪಿಗೆಯಾಗಲಿಲ್ಲ.

ರೈಲು ಬೇಡವೆಂದೆ. ರೈಲಿನಲ್ಲಿ ಊರುಗಳು ಹಿಂದೆ ಓಡುತ್ತವೆ, ಮಾತಾಡಿಸಲು ಆಗುವುದಿಲ್ಲ. ಕುರ್ತಕೋಟಿಯಲ್ಲಿ ನನ್ನ ಅಣ್ಣನ ಹತ್ತಿರ ಒಂದು ಹಳೆಯ ಚಕ್ಕಡಿ ಇತ್ತು. ಚಕ್ಕಡಿಯನ್ನೂ ಒಂದು ಜೋಡಿ ಎತ್ತನ್ನೂ ಕೊಡು, ಒಂದು ವರ್ಷ ದೇಶ ಸುತ್ತಿ ಬಂದು ಒಪ್ಪಿಸುತ್ತೇನೆ ಎಂದೆ. ಅಣ್ಣ, “ಹೊಡೆಯಾಂವ ಯಾರ?” ಎಂದ. “ನಾನ. ಮದುವಿಗಿಂತ ಮದಲ ನಿನ್ನ ರಾಶಿ ಹೇರಿಕೊಂಡು ಮನಿಗಿ ತಂದಾಕಿ ಯಾರಲೇ?” ಎಂದೆ. ಮಾರನೆಯ ದಿನ ಎತ್ತುಗಳು ನಮ್ಮ ಓಣಿಯಲ್ಲಿ ನಿಂತಿದ್ದವು.

ಬೆಟಗೇರಿಯಲ್ಲೇ ಒಬ್ಬ ವಯಸ್ಸಾದ ಮುಸಲ್ಮಾನ ಬಡಗಿ ಇದ್ದರು. ಊರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿತ್ತು. ಚಕ್ಕಡಿಯ ಸುತ್ತ ಎರಡು ಸಲ ತಿರುಗಿ, “ಅಕ್ಕಾರ, ಎಷ್ಟ ದಿನದ ದಾರಿ?” ಎಂದರು. ವರ್ಷ ಎಂದೆ. “ಎಲ್ಲಿಗಿ?” “ಎಲ್ಲಾ ಕಡಿಗೂ.” ಚಾಚಾ ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಂದಿನಿಂದ ನನಗಿಂತ ಅವರಿಗೇ ಹುಚ್ಚು ಹೆಚ್ಚಾಯಿತು. ಬಿದಿರು ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ, ಚಾಪೆಯ ಮೇಲೆ ಮಳೆ ತಡೆಯುವ ತಾಡಪತ್ರಿ ಹೊದಿಸಿದರು. ಹಿಂದಿನ ಹಲಗೆಗೆ ಬಿಜಾಗರಿ ಹಚ್ಚಿ, ಇಳಿಸಿದರೆ ರೊಟ್ಟಿ ಬಡಿಯುವ ಮಣೆಯಾಗುವ ಹಾಗೆ ಮಾಡಿದರು. ಕಮಾನಿಗೆ ಎರಡೂ ಮಗ್ಗಲಿಗೆ ಕಿಟಕಿ ಬಿಟ್ಟದ್ದು ಯಾಕೆ ಎಂದು ಕೇಳಿದೆ. “ಗಂಡ ಹೆಂಡತಿ ಒಂದ ಕಡೆ ನೋಡಿದ್ದು ಎಲ್ಲೆರ ಐತೇನ್ರಿ ಅಕ್ಕಾರ?” ಎಂದರು.

ಒಳಗಿನ ಏರ್ಪಾಡು ನನ್ನದು. ಏನು ಕೆಡುತ್ತದೆ, ಏನು ಕೆಡುವುದಿಲ್ಲ ಎಂದು ಒಂದೊಂದನ್ನೂ ಪರೀಕ್ಷೆ ಮಾಡಿದೆ. ಒಣಗಿಸಿದ ಕಟಿ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ತಿಂಗಳುಗಟ್ಟಲೆ ಇಟ್ಟು ಮುರಿದು ನೋಡಿದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಬೇಗ ಕಮಟಾಯಿತು, ಅಗಸಿ ಹಿಂಡಿ ಬಾಳಿತು. ನಡೆಯುವ ಚಕ್ಕಡಿಯಲ್ಲಿ ಇದ್ದಿಲಿನ ಶೆಗಡಿ ಹೊತ್ತಿಸಿ ಚಹಾ ಮಾಡಲು ಆಗುತ್ತದೆಯೇ ಎಂದು ನೋಡಲು ಹೋಗಿ ಸೀರೆಯ ಸೆರಗು ಸುಟ್ಟುಕೊಂಡೆ. ಆಗುವುದಿಲ್ಲ ಎಂದು ತಿಳಿಯಿತಲ್ಲ, ಅದೇ ಲಾಭ. ಓಣಿಯವರೆಲ್ಲ ಬಂದು ನೋಡುವರು, ನೋಡಿ, “ಕಾಶಿಗೇನ್ರೀ?” ಎನ್ನುವರು. ದೇಶ ನೋಡಲು ಎಂದರೆ ಒಬ್ಬರೂ ನಂಬಲಿಲ್ಲ. ಎದುರು ಮನೆಯ ಮುದುಕಿಯಂತೂ ದಿನವೂ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದಳು. ನನಗಿಂತ ಹಿರಿಯಳು, ನನಗೆ ಮುಜುಗರವಾಗುತ್ತಿತ್ತು. ಕಾಶಿ ದಾರಿಯಲ್ಲಿ ಸಿಕ್ಕರೆ ನೋಡಿ ಬರುತ್ತೇವೆ ಎಂದು ಹೇಳಿ ಹೇಳಿ ಸಾಕಾಯಿತು.

ಎಲ್ಲವೂ ಸಿದ್ಧವಾಯಿತು, ಒಬ್ಬರನ್ನು ಬಿಟ್ಟು. ಯಜಮಾನರಿಗೆ ಪ್ರತಿ ವಾರ ಒಂದು ನೆವ. ಗಾಲಿಗೆ ಹೊಸ ಕಬ್ಬಿಣದ ಹಳಿ ಆಗಬೇಕೆಂದರು, ಆಯಿತು. ಎತ್ತು ಬಡವಾಗಿವೆ ಎಂದರು, ಮೇಯಿಸಿದೆ. ಪಿಂಚಣಿ ಕಾಗದ ಹೊಸ ಸರ್ಕಾರಕ್ಕೆ ಹೋಗಿ ಬರಬೇಕೆಂದರು, ಅದೂ ಬಂತು. ಜೀವನವೆಲ್ಲ ಊರೂರು ತಿರುಗಿದ ಮನುಷ್ಯನಿಗೆ ಈಗೇನು ಅಳುಕು? ನನಗೆ ಅರ್ಥವೇ ಆಗಲಿಲ್ಲ. ಅವರು ಬರದಿದ್ದರೆ ನಾನು ಹೋಗುವ ಹಾಗೂ ಇರಲಿಲ್ಲ. ಎತ್ತು ಹೊಡೆಯುವ ಹೆಂಗಸನ್ನೇ ಜನ ನಿಂತು ನೋಡುತ್ತಿದ್ದರು, ಒಬ್ಬಳೇ ಹೊರಟಿದ್ದರೆ ಅಣ್ಣನೇ ಎತ್ತು ಬಿಚ್ಚಿಕೊಂಡು ಹೋಗುತ್ತಿದ್ದ.

ಆ ಹೊತ್ತಿಗೆ ಕುಮಟೆಯ ಕಡೆಯವನೊಬ್ಬ ತೆಂಗಿನ ನಾರಿನ ಹಗ್ಗ ಮಾರಲು ಬಂದ. ಹಗ್ಗ ಕೊಳ್ಳುತ್ತ, ಸಮುದ್ರದ ದಂಡೆಯಲ್ಲಿ ಚಕ್ಕಡಿಯನ್ನು ನೀರಿಗೆ ಎಷ್ಟು ಹತ್ತಿರ ಬಿಡಬಹುದು ಎಂದು ಕೇಳಿದೆ. ಅವನು ಗಾಬರಿಯಾದ. “ಹತ್ತಿರ ಬಿಡಬೇಡಿ ಅಮ್ಮಾ. ನೀರು ದಿನಾ ಎರಡು ಸಲ ಏರ್ತದೆ, ಎರಡು ಸಲ ಇಳೀತದೆ. ಚಕ್ಕಡಿ ಹೊತ್ತುಕೊಂಡೇ ಹೋಗ್ತದೆ,” ಎಂದ.

ಸಂಜೆ ಯಜಮಾನರನ್ನು ಕೇಳಿದೆ. “ಸಮುದ್ರದ ನೀರು ಏರಿ ಇಳೀತೈತಂತಲ್ರಿ. ನೀವು ಹೇಳೇ ಇಲ್ಲ?”

“ನಾ ಹೋದಾಗ ಇಳಿದಿದ್ದಿಲ್ಲ.”

“ನಾಕು ದಿನ ಇದ್ರಿ.”

“ನಾಕೂ ದಿನ ಇಳಿದಿದ್ದಿಲ್ಲ,” ಎಂದು ಎದ್ದವರೇ ಎತ್ತಿಗೆ ನೀರು ಕುಡಿಸಲು ಹೋದರು. ಎತ್ತುಗಳು ಆಗಷ್ಟೇ ಕುಡಿದು ಮುಗಿಸಿದ್ದವು.

ಒಳಗೆ ಏನೋ ಇದೆ ಎನಿಸಿತು, ಆದರೆ ಕೆದಕಲಿಲ್ಲ. ಬೇರೆ ದಾರಿ ಹಿಡಿದೆ. ದೇಶ ಆಮೇಲೆ, ಮೊದಲು ಹತ್ತು ದಿನ ಇಲ್ಲೇ ಸುತ್ತಿ ಚಕ್ಕಡಿಯ ಪರೀಕ್ಷೆ ಮಾಡೋಣ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಹಾಗೇ ಡಂಬಳದ ಮೇಲಿಂದ ತಿರುಗಿ ಮನೆ ಎಂದೆ. ಅವರ ಮುಖ ಅರಳಿತು. ತಾವೇ ಗಾಲಿಯ ಕೀಲಿಗೆ ಎಣ್ಣೆ ಹಾಕಿದರು.

ಆ ಹತ್ತು ದಿನದ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ. ಯಾವ ಬಾವಿಯ ನೀರು ಸಿಹಿ, ಯಾವ ಮರದ ಕೆಳಗೆ ಇರುವೆಯ ಕಾಟವಿಲ್ಲ, ಎಲ್ಲ ಅವರಿಗೆ ಗೊತ್ತು. ಲಕ್ಷ್ಮೇಶ್ವರದ ದಾರಿಯಲ್ಲಿ ಹಳೆಯ ಸಂಸ್ಥಾನದ ಸುಂಕದ ಕಟ್ಟೆ ತೋರಿಸಿದರು. ಒಳಗೆ ಆಡುಗಳು ಮಲಗಿದ್ದವು. ಶಿರಹಟ್ಟಿಯ ಹತ್ತಿರ ಒಂದು ಗಡಿಕಲ್ಲಿನ ಮೇಲೆ ಕೈಯಿಟ್ಟು, ಆ ಹೊಲದ ಅಣ್ಣತಮ್ಮಂದಿರ ಕಥೆ ಹೇಳಿದರು. ಅಳತೆ ಮುಗಿದ ದಿನ ಇಬ್ಬರೂ ಇವರನ್ನು ಬಾಯಿಗೆ ಬಂದಂತೆ ಬೈದರಂತೆ, ಮಾರನೆಯ ಬೆಳಿಗ್ಗೆ ಇಬ್ಬರೂ ಬೇರೆಬೇರೆ ಬಂದು ಒಂದೊಂದು ಬುಟ್ಟಿ ಸೌತೆಕಾಯಿ ಡೇರೆಯ ಮುಂದೆ ಇಟ್ಟು ಹೋದರಂತೆ. ನಾನು ನಕ್ಕು ನಕ್ಕು ಎತ್ತಿನ ಹಗ್ಗ ಬಿಟ್ಟಿದ್ದೆ. ಇಂಥದ್ದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಇದರಾಗ ಹೇಳೂದು ಏನೈತಿ ಎಂದರು.

ಮುಂಡರಗಿ ದಾಟಿ ತುಂಗಭದ್ರೆಯ ದಂಡೆಗೆ ಬಂದೆವು. ನೀರು ಸಣ್ಣಗಿತ್ತು. ಹರಿಗೋಲಿನ ಅಂಬಿಗ ಆಚೆಯಿಂದ ಇಬ್ಬರನ್ನು ತಂದು ಇಳಿಸಿದ. ಆಚೆ ದಂಡೆಯೂ ಈಗ ನಮ್ಮದೇ ರಾಜ್ಯವಲ್ಲವೇ, ಹೋಗಿ ನೋಡಿ ಬರೋಣ ನಡೆಯಿರಿ ಎಂದೆ. ಅವರು ಮರಳಿನಲ್ಲೇ ನಿಂತರು.

“ನಾ ಬರೂದಿಲ್ಲ. ನನ್ನ ಮೋಜಣಿ ಹದ್ದು ಇಲ್ಲಿಗಿ ಮುಗೀತು.”

“ನೌಕರಿ ಮುಗದು ತಿಂಗಳಾದುವು. ಇನ್ನ ಎಲ್ಲೀ ಹದ್ದು?”

ಅವರು ಹೊಳೆಯ ಕಡೆ ನೋಡುತ್ತಲೇ ಹೇಳಿದರು. “ಆಚಿ ದಂಡಿ ನಾ ನೋಡೇ ಇಲ್ಲ.”

“ಈ ಹೊಳೀದು?”

“ಹೂಂ.”

“ಮತ್ತ ಮುಂಬೈ?”

“ಇಲ್ಲ.”

“ಕಾರವಾರ?”

“ಅದೂ ಇಲ್ಲ. ಹುಬ್ಬಳ್ಳಿ, ಧಾರವಾಡ ಖರೇನ ನೋಡೀನಿ,” ಎಂದರು.

ಚಾವಡಿಯಲ್ಲಿ ತಂಗುವ ವ್ಯಾಪಾರಿಗಳು, ರಜೆಗೆ ಬಂದ ರೈಲ್ವೆಯವರು ಹೇಳಿದ್ದನ್ನು ಕೇಳಿಸಿಕೊಂಡು ಬಂದು ನನಗೆ ಹೇಳುತ್ತಿದ್ದರಂತೆ. ನನಗೆ ಬಂದದ್ದು ಸಣ್ಣ ಸಿಟ್ಟಲ್ಲ. “ಮೂವತ್ತು ವರ್ಷ ಓಣಿ ಮಂದಿ ಮುಂದ ನನ್ನ ಬಾಯಿಲೆ ಸುಳ್ಳ ಹೇಳಿಸಿದಿರಿ. ನಿಮಗ ಹೆಂಗಾರ ಮನಸು ಬಂತು?” ಎಂದು ಕೂಗಿಯೇ ಬಿಟ್ಟೆ. ಅಂಬಿಗ ಮುಖ ತಿರುಗಿಸಿ ಹರಿಗೋಲಿನ ನೀರು ಎತ್ತಿ ಚೆಲ್ಲತೊಡಗಿದ.

“ಮದುವ್ಯಾದ ಹೊಸದಾಗಿ ಎಲ್ಲೆಲ್ಲಿ ಹೋಗಿದ್ರಿ ಅಂತ ಕೇಳಿದಿ,” ಎಂದರು ಅವರು. “ಅಂತೂರ ಬೆಂತೂರದ ಹೊಲದಾಗ ಗಡಿಕಲ್ಲು ನೆಟ್ಟು ಬಂದೆ ಅಂದಿದ್ರ ನೀ ಹಂಗ ಕಣ್ಣ ಅರಳಿಸಿ ಕುಂಡ್ರತಿದ್ದೇನು? ಒಂದ ಸಲ ಸುಳ್ಳ ಹೇಳಿದೆ. ಆಮ್ಯಾಲ ಬಿಡಾಕ ಆಗಲಿಲ್ಲ. ಈಗ ಖರೇನ ಅಲ್ಲಿಗಿ ಹೋದ್ರ, ನಾ ಹೇಳಿದ್ದೊಂದು, ಅಲ್ಲಿರೂದೊಂದು. ಊರಿಗೊಂದು ಸಲ ನಿನ್ನ ಮುಂದ ತಲಿ ತಗ್ಗಸಲೇನು? ಹೊಳ್ಳಿ ಹೋಗೂಣು ನಡಿ.”

ಕಲ್ಲಿನ ಕಥೆಯನ್ನು ನಾನು ಕೇಳುತ್ತಿದ್ದೆನೇ? ಇಪ್ಪತ್ತರ ಹುಡುಗಿ, ಖಂಡಿತ ಕೇಳುತ್ತಿರಲಿಲ್ಲ. ಆ ಮಾತು ಖರೆ ಎನಿಸಿದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಚಕ್ಕಡಿ ಬೆಟಗೇರಿಗೆ ತಿರುಗಿದರೆ ಕಮಾನು ಬಿಚ್ಚಿ ಅಣ್ಣನ ಹೊಲದ ಗೊಬ್ಬರ ಹೇರುವುದೇ ಸೈ ಎಂದು ನನಗೆ ಗೊತ್ತಿತ್ತು. ಹೋಗಿ ಹರಿಗೋಲಿನಲ್ಲಿ ಕುಳಿತೆ. “ನಡಿಯಪಾ,” ಎಂದೆ.

ಆಚೆ ದಂಡೆಯಲ್ಲಿ ಅರ್ಧ ತಾಸು ಇದ್ದೆ. ಅದೇ ಕಪ್ಪು ಮಣ್ಣು, ಅದೇ ಜಾಲಿ. ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರ ಮಾತಿನ ರಾಗ ನಮ್ಮದಕ್ಕಿಂತ ಒಂಚೂರು ಬೇರೆ. ಯಾವ ಊರು, ಎಷ್ಟು ಮಕ್ಕಳು, ರೊಟ್ಟಿಯೋ ಮುದ್ದೆಯೋ ಎಂದು ಕೇಳಿದೆ. ಅವರೂ ನನ್ನನ್ನು ಅಷ್ಟೇ ಕೇಳಿದರು. ಒಬ್ಬಳು ಸೊಂಟದ ಗಂಟು ಬಿಚ್ಚಿ ಹುರಿದ ಕಡಲೆ ಕೊಟ್ಟಳು. ಅಷ್ಟಕ್ಕೇ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಐವತ್ತರ ಹೆಂಗಸು, ಮರಳಿನಲ್ಲಿ ನಿಂತು ಒಬ್ಬಳೇ ನಕ್ಕೆ.

ತಿರುಗಿ ಬರುವಾಗ ನೋಡಿದರೆ ಅವರು ಮೊಣಕಾಲಿನವರೆಗೆ ನೀರಿಗೆ ಇಳಿದು ನಿಂತಿದ್ದರು. ಹರಿಗೋಲು ದಂಡೆ ಮುಟ್ಟುವ ಮೊದಲೇ, “ಅಲ್ಲಿ ಹೆಂಗ ಐತಿ?” ಎಂದರು.

ನಾಲಿಗೆಯ ತುದಿಗೆ ಬಂದಿತ್ತು. ಸ್ವಲ್ಪ ಸೇರಿಸಿಯೇ ಹೇಳಬಹುದಿತ್ತು, ಅವರು ನಂಬುತ್ತಿದ್ದರು. “ನಾ ಹೇಳೂದಿಲ್ರಿ. ಬೇಕಾದ್ರ ಬಂದ ನೋಡ್ರಿ,” ಎಂದೆ. ನಾನು ಕೆಳಗೆ ಇಳಿಯಲೂ ಇಲ್ಲ.

ಅವರು ನನ್ನನ್ನು ನೋಡಿದರು, ಅಂಬಿಗನನ್ನು ನೋಡಿದರು, ಹಿಂದೆ ತಿರುಗಿ ಚಕ್ಕಡಿಯನ್ನೂ ನೋಡಿದರು. ಆಮೇಲೆ ಧೋತರ ಎತ್ತಿ ಕಟ್ಟಿ, ಕೆರವನ್ನು ಕೈಯಲ್ಲಿ ಹಿಡಿದು, ನನ್ನ ಭುಜವನ್ನು ಗಟ್ಟಿಯಾಗಿ ಒತ್ತಿ ಹಿಡಿದು ಹತ್ತಿದರು. ಹರಿಗೋಲು ತಿರುಗುತ್ತ ಹೊರಟಾಗ ಕಣ್ಣು ಮುಚ್ಚಿದ್ದರು. ನಡು ಹೊಳೆಗೆ ಬಂದ ಮೇಲೆ ತೆರೆದು, ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿ, ಅಂಬಿಗನನ್ನು ಕೇಳಿದರು:

“ಚಕ್ಕಡಿ ದಾಟಸಾಕ ಎಷ್ಟ ಹರಿಗೋಲ ಬೇಕಾಗ್ತಾವಪಾ?”