ಕಿಡಿಯೋ ಕೀಡಿಯೋ

ಬಾಗಿಲು ತೆರೆದಾಗ ಎದುರು ಮನೆಯ ಹಂಸಾಬೆನ್ ಹಿಟ್ಟು, ಸಕ್ಕರೆ ಬೆರೆಸಿದ ಬಟ್ಟಲು ಹಿಡಿದು ಅಳುಮೋರೆಯಲ್ಲಿ ನಿಂತಿದ್ದರು. "ಕೀಡಿ ಕೋ ಮತ್ ಮಾರೋ, ಬೆಹೆನ್" ಎಂದರು. ಇರುವೆಗಳನ್ನು ಕೊಲ್ಲಬೇಡಿ, ಬದಲಿಗೆ ಈ ಹಿಟ್ಟು ಹಾಕಿ ಎಂದು ಬೇಡಿಕೊಂಡರು.

ಅಹಮದಾಬಾದಿನ ನವರಂಗಪುರದ ನಮ್ಮ ಫ್ಲ್ಯಾಟಿನಲ್ಲಿ ಇರುವೆಯೇ ಇರಲಿಲ್ಲ. ಒಂಬತ್ತನೇ ತರಗತಿಯ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಅಪ್ಪನ ಜೊತೆ ಕೂತು, ಕರೆಂಟಿನಿಂದ ಕಿಡಿ ಹಾರಿಸುವ ಪುಟ್ಟ ಟೆಸ್ಲಾ ಕಾಯಿಲ್ ಮಾಡುತ್ತಿದ್ದಳು. ವಾರವಿಡೀ ಸುಮ್ಮನಿದ್ದ ಅದು ಅಂದು ಎರಡು ಬೋಲ್ಟುಗಳ ನಡುವೆ ಚಟಚಟ ಸಿಡಿದಾಗ ನಾನು "ಕಿಡಿ ಬಂತು, ಕಿಡಿ ಬಂತು" ಎಂದು ಕೂಗಿದ್ದೆ. ಗುಜರಾತಿಯಲ್ಲಿ ಕೀಡಿ ಎಂದರೆ ಇರುವೆ. ಆ ಚಟಚಟ ಸದ್ದು ಅವರಿಗೆ ಚಪ್ಪಲಿ ಏಟಿನಂತೆ ಕೇಳಿಸಿತ್ತು.

ಒಳಗೆ ಕರೆದು ತೋರಿಸಿದೆವು. ಕಾಯಿಲ್ ಹತ್ತಿರ ಹಿಡಿದ ಟ್ಯೂಬ್‌ಲೈಟ್ ತಂತಿಯೇ ಇಲ್ಲದೆ ಬೆಳಗಿತು. ಹಂಸಾಬೆನ್ ಬಾಗಿ ಬಾಗಿ ತಂತಿ ಹುಡುಕಿದರು. ಹೋಗುವಾಗ ಬಟ್ಟಲನ್ನು ಮಾತ್ರ, ಯಾವುದಕ್ಕೂ ಇರಲಿ ಎಂಬಂತೆ, ಕಾಯಿಲ್ ಪಕ್ಕದಲ್ಲೇ ಬಿಟ್ಟರು.

ಇಲ್ಲೇ ಬೆಳೆದ ಮಗಳಿಗೆ ಕನ್ನಡ ಅಷ್ಟಕ್ಕಷ್ಟೇ. ಮರುದಿನ ಬೆಳಿಗ್ಗೆ "ಅಮ್ಮಾ, ಕಿಡಿ ಬಂತು" ಎಂದಳು. ಸ್ವಿಚ್ ಆರಿಸಲು ಓಡಿದೆ. ಸ್ವಿಚ್ ಆಫ್ ಆಗಿಯೇ ಇತ್ತು. ಹಂಸಾಬೆನ್ ಬಟ್ಟಲಿಗೆ ಇರುವೆಗಳು ಸಾಲು ಹಿಡಿದಿದ್ದವು.