ದಂಡೆಯ ಕೆಳಗಿನ ತೂತು

ಹುಮನಾಬಾದಿನ ಸಂತೆಯಲ್ಲಿ ಮೀನಿನ ಸಾಲು ಬಂದರೆ ನಾನು ಸೆರಗನ್ನು ಮೂಗಿಗೆ ಹಿಡಿದು ಸರಸರ ನಡೆಯುತ್ತೇನೆ. ಅತ್ತೆಯದು ಅತಿ ಮಡಿ ಎಂದು ಸೊಸೆ ನಗುತ್ತಾಳೆ. ನನ್ನ ಹೆದರಿಕೆ ಅವಳಿಗೇನು ಗೊತ್ತು? ಕೊಳೆತ ಮೀನಿನ ಆ ವಾಸನೆ ನನ್ನ ಕೈಗೆ ಮೊದಲು ಹತ್ತಿದ್ದು ಒಂದು ಹಕ್ಕಿಯ ಗೂಡಿನಿಂದ.

ನಮ್ಮದು ಕುರಿ ಸಾಕುವ ಮನೆ. ಬೇಸಿಗೆಯಲ್ಲಿ ಮುಲ್ಲಾಮಾರಿ ಹೊಳೆಯ ಪಕ್ಕದಲ್ಲೇ ದೊಡ್ಡಿ. ಅಲ್ಲಿನ ಮಣ್ಣುದಂಡೆಯಲ್ಲಿ ಮಿಂಚುಳ್ಳಿ ತೂತು ಕೊರೆಯುತ್ತಿತ್ತು. ಎಂಥ ನೀಲಿ ಅದು, ಎದೆ ಮಾತ್ರ ಕೆಂಡದ ಬಣ್ಣ. ಗೂಡು ಎತ್ತರದಲ್ಲಿದ್ದರೆ ಹೊಳೆ ಏರುತ್ತದೆ, ತಗ್ಗಿನಲ್ಲಿದ್ದರೆ ಇಲ್ಲ ಎಂಬುದು ನನ್ನ ಅಜ್ಜನ, ಅಂದರೆ ಮುತ್ಯಾನ ನಂಬಿಕೆ. ಮುಂಗಾರಿನ ಮೊದಲ ಮಿರಗದ ಮಳೆಗೆ ಮುಂಚೆ ಅದನ್ನು ನೋಡಿಯೇ ದೊಡ್ಡಿಯನ್ನು ದಿನ್ನೆಗೆ ಒಯ್ಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದ.

ಒಂಬತ್ತನೆಯ ವಯಸ್ಸಿನಲ್ಲಿ ನನಗೆ ಆ ನೀಲಿ ಗರಿಯ ಹುಚ್ಚು ಹಿಡಿಯಿತು. ಒಂದು ಮಧ್ಯಾಹ್ನ ದಂಡೆ ಹತ್ತಿ ಎತ್ತರದ ತೂತಿಗೆ ತೋಳು ತೂರಿಸಿದೆ. ಗರಿ ಸಿಗಲಿಲ್ಲ, ಮೀನಿನ ಮುಳ್ಳು ಚುಚ್ಚಿತು, ಬೆಚ್ಚಗಿನದೇನೋ ಒಡೆದು ಬೆರಳಿಗೆ ಅಂಟಿತು. ಬೆದರಿ ಕೈ ಎಳೆದಾಗ ತೂತಿನ ಬಾಯಿಯೇ ಕುಸಿಯಿತು. ಹೊಳೆಯಲ್ಲಿ ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಕೆಲವು ದಿನಗಳಲ್ಲಿ ಹಕ್ಕಿ ನೀರಿನಿಂದ ಮೊಳದೆತ್ತರದಲ್ಲಿ ಹೊಸ ತೂತು ಕೊರೆಯಿತು.

“ಹಕ್ಕಿ ಕೆಳಗ ಇಳದದ. ಈ ವರ್ಷ ಹೊಳಿ ಏರಂಗಿಲ್ಲ, ದೊಡ್ಡಿ ಇಲ್ಲೇ ಇರ್ಲಿ,” ಎಂದ ಮುತ್ಯಾ.

“ಮ್ಯಾಲಿಂದು ಯಾಕ ಬಿಡ್ತು, ಜರಾ ನೋಡ್ರಿ,” ಎಂದಳು ಅಜ್ಜಿ.

“ಅದಕ್ಕ ತಿಳಿಲಾರ್ದು ನಿನಗ ತಿಳೀತದೇನು?”

ನಾನು ರೊಟ್ಟಿ ಮುರಿಯುತ್ತ ಕೂತಿದ್ದೆ. ಹೇಳಬೇಕಾದ ಮಾತನ್ನು ನುಂಗಿಕೊಂಡವರಿಗೆ ಆ ತುತ್ತಿನ ರುಚಿ ಗೊತ್ತು.

ತಾಯಿಕುರಿಗಳು ಹಗಲು ಮೇಯಲು ಹೋದಾಗ ಮರಿಗಳು ದೊಡ್ಡಿಯಲ್ಲೇ ಉಳಿಯುತ್ತಿದ್ದವು. ಮಿರಗ ಶುರುವಾದ ಮೇಲೆ ಒಂದು ದಿನ ನಮ್ಮ ತಲೆಯ ಮೇಲೆ ಬಿಸಿಲು, ಹೊಳೆ ಹರಿದು ಬರುವ ಮಂಠಾಳದ ಕಡೆ ಮಾತ್ರ ಕಪ್ಪು ಮೋಡ. ಹೊಳೆ ಕೆಂಪಾಗಿ, ಸದ್ದಿಲ್ಲದೆ ಏರಿತು. ನಾವು ದಿನ್ನೆಯಿಂದ ಓಡಿ ಬರುವಷ್ಟರಲ್ಲಿ ಮುಳ್ಳುಬೇಲಿ ತೇಲುತ್ತಿತ್ತು. ಒಂದು ಮರಿಯೂ ಉಳಿಯಲಿಲ್ಲ. ಸಂಜೆ ತಾಯಿಕುರಿಗಳು ತುಂಬಿದ ಕೆಚ್ಚಲು ಹೊತ್ತು ನೀರಿಗೆ ಮುಖ ಮಾಡಿ ಒದರುತ್ತಲೇ ಇದ್ದವು.

“ಹಕ್ಕಿ ನನಗ ಧೋಕಾ ಕೊಡ್ತು,” ಎಂದ ಮುತ್ಯಾ.

ಮರುಬೇಸಿಗೆಯಲ್ಲಿ ಆತ ದಂಡೆಯುದ್ದಕ್ಕೂ ನಡೆದು ಕಂಡ ಕಂಡ ತೂತನ್ನೆಲ್ಲ ಕೆಸರಿನಿಂದ ಮುಚ್ಚಿದ. ಮಿಂಚುಳ್ಳಿ ಕೊಕ್ಕಿನಲ್ಲಿ ಮೀನು ಹಿಡಿದು ಜಾಲಿಯ ಮೇಲೆ ಕೂತು ನೋಡುತ್ತಿತ್ತು. ಆಮೇಲೆ ಅದನ್ನು ಅಲ್ಲಿ ಕಾಣಲಿಲ್ಲ. ಈಗ ಮುತ್ಯಾ ಇಲ್ಲ, ಅಜ್ಜಿ ಇಲ್ಲ, ಆ ದೊಡ್ಡಿಯೂ ಇಲ್ಲ. ಹಕ್ಕಿಯ ತಪ್ಪೇನೂ ಇರಲಿಲ್ಲವೆಂದು ಬಲ್ಲವಳು ನಾನೊಬ್ಬಳೇ. ಅಂದು ಅವನಿಗೆ ಕೆಸರು ಕಲಸಿಕೊಟ್ಟವಳೂ ನಾನೇ.